ಹೊಸ್ತಿಲಾಚೆಯ ಸಾಹುಕಾರ

ನಿಯಮ ಇದ್ದರೆ ಮನುಷ್ಯ ನೆಟ್ಟಗಿರುತ್ತಾನೋ, ಮನುಷ್ಯ ನೆಟ್ಟಗಿದ್ದರೆ ನಿಯಮವೇ ಬೇಡವೋ ಎಂದು ಈಗ ಹಿಂದಿನ ಸಾಲಿನ ಮೇಷ್ಟ್ರು ಕೇಳಿದರು. ಒಳ್ಳೆಯ ಪ್ರಶ್ನೆ. ಒಳ್ಳೆಯ ಪ್ರಶ್ನೆ ಕೇಳಿದವರಿಗೆ ನಾನು ತಕ್ಷಣ ಉತ್ತರ ಹೇಳುವುದಿಲ್ಲ, ಕಥೆ ಹೇಳುತ್ತೇನೆ. ಕಥೆ ಮುಗಿಯುವುದರೊಳಗೆ ಉತ್ತರ ಹೊಳೆದರೆ ನನ್ನ ಪುಣ್ಯ.

ಯಾವುದೋ ಒಂದೂರು. ಅಲ್ಲೊಬ್ಬ ಶ್ರೀಮಂತ. ಶ್ರೀಮಂತ ಎಂದ ಕೂಡಲೇ ಮುಂದಿನ ಸಾಲಿನವರು ಸೆಟೆದು ಕೂರಬೇಡಿ, ನಿಮ್ಮ ವಿಷಯ ಅಲ್ಲ. ಅವನದು ದೊಡ್ಡ ದಿನಸಿ ಅಂಗಡಿ. ಎಣ್ಣೆ, ಬೆಲ್ಲ, ಬೇಳೆ ಎಲ್ಲ ಇತ್ತು. ಜೊತೆಗೆ ಸುಳ್ಳೂ ಧಾರಾಳವಾಗಿತ್ತು. ಹೋದ ವರ್ಷದ ಬೇಳೆ ಅವನ ಬಾಯಲ್ಲಿ ನಿನ್ನೆ ಬಂದ ಬೇಳೆ ಆಗುತ್ತಿತ್ತು. ಆದರೂ ಅವನಿಗೆ ಒಳಗೊಳಗೇ ಒಂದು ಭಯ. ಸತ್ತ ಮೇಲೆ ಏನು ಗತಿ ಎಂದು. ಒಮ್ಮೆ ಮಠದ ಸ್ವಾಮಿಗಳು ಊರಿಗೆ ಬಂದಾಗ ಹೋಗಿ ಕಾಲಿಗೆ ಬಿದ್ದ.

“ಬುದ್ಧೀ, ಸುಳ್ಳು ಬಿಡ್ಬೇಕು ಅಂತ ಆಸೆ. ಪೂರ್ತಿ ಬಿಟ್ರೆ ಯಾಪಾರ ನಡೆಯಾಕಿಲ್ಲ. ಏನಾದ್ರೂ ಒಂದ್ ನಿಯಮ ಹಾಕ್ಕೊಡಿ.”

ಸ್ವಾಮಿಗಳು ನಕ್ಕರು. “ಆಗ್ಲಪ್ಪ. ಅಂಗಡಿ ಹೊಸ್ತಿಲ ಒಳಗೆ ಸುಳ್ಳು ಹೇಳ್ಬೇಡ. ಅಲ್ಲಿಂದ ಶುರುವಾಗ್ಲಿ” ಎಂದರು.

ಅಲ್ಲಿಂದ ಶುರುವಾಗಲಿ ಎಂದರು, ಗಮನಿಸಿದಿರಾ? ಸಾಹುಕಾರನ ಕಿವಿಗೆ ಬಿದ್ದದ್ದು ಮೊದಲ ಅರ್ಧ ಮಾತ್ರ. ನಮ್ಮ ಕಿವಿಗಳೂ ಹಾಗೇ ಅಲ್ಲವೇ? ಪ್ರವಚನದಲ್ಲಿ ನಮಗೆ ಬೇಕಾದ ಅರ್ಧ ಕೇಳಿಸುತ್ತದೆ, ಉಳಿದ ಅರ್ಧಕ್ಕೆ ತೂಕಡಿಕೆ ಬರುತ್ತದೆ.

ಅವನು ನಿಯಮವನ್ನು ಮುರಿದನೇ? ಇಲ್ಲ. ಒಂದು ದಿನವೂ ಮುರಿಯಲಿಲ್ಲ. ಯಾರಾದರೂ ಬಂದು, “ಬೇಳೆ ಹೊಸ್ದಾ ಸಾಹುಕಾರ್ರೇ?” ಎಂದು ಕೇಳಿದರೆ, ಮೆತ್ತೆಯಿಂದ ಏಳುತ್ತಿದ್ದ. ಪಂಚೆಯ ಚುಂಗು ಹಿಡಿದುಕೊಂಡು ಹೊಸ್ತಿಲು ದಾಟುತ್ತಿದ್ದ. ಬೀದಿಯಲ್ಲಿ ನಿಂತು, “ಹೊಸ್ದು ಕಣಮ್ಮ, ನಿನ್ನೆ ತಾನೇ ಬಂತು” ಎನ್ನುತ್ತಿದ್ದ. ಮತ್ತೆ ಒಳಗೆ ಬಂದು, ಗಲ್ಲ ಗಲ್ಲ ಬಡಿದುಕೊಂಡು, ಮೆತ್ತೆಯ ಮೇಲೆ ಕೂರುತ್ತಿದ್ದ. ನಿಯಮ ಭದ್ರ, ಯಾಪಾರವೂ ಭದ್ರ. ದೇವರೂ ತಪ್ಪು ಹಿಡಿಯಲಾರ!

ಊರಿನವರು ದಡ್ಡರೇನಲ್ಲ. ಕೆಲವೇ ದಿನಗಳಲ್ಲಿ ತಿಳಿದುಕೊಂಡರು. ಸಾಹುಕಾರ ಕೂತು ಹೇಳಿದರೆ ಕೊಳ್ಳಬೇಕು, ಎದ್ದರೆ ಚೀಲ ಮಡಚಿಕೊಂಡು ಮನೆಗೆ ಹೋಗಬೇಕು. ಕೊನೆಗೆ ಹೆಂಡತಿಯರು ಗಂಡಂದಿರನ್ನು, “ಏನ್ರೀ, ಈ ಮಾತು ಕೂತು ಹೇಳ್ತಿದೀರೋ, ಎದ್ದು ಹೇಳ್ತಿದೀರೋ?” ಎಂದು ಕೇಳುವಷ್ಟಾಯಿತು. ನಗಬೇಡಿ ತಾಯಂದಿರೇ, ನಿಮ್ಮ ಸರದಿಯೂ ಬರುತ್ತದೆ.

ಹೀಗಿರುವಾಗ ಎದುರು ಸಾಲಿನ ಮನೆಯಲ್ಲಿ ಸೀಮಂತ. ಆ ಮನೆಯ ಯಜಮಾನ ಬೆಳಿಗ್ಗೆ ಎಣ್ಣೆಗೆ ಬಂದ. ಸಾಹುಕಾರ ಹಿತ್ತಲಿನಿಂದ ಒಂದು ಖಾಲಿ ಕ್ಯಾನು ತಂದು ತುಂಬಿಸಿದ. “ಕ್ಯಾನು ಹೊಸ್ದಾ?” ಎಂದು ಯಜಮಾನ ಕೇಳಿದ. ಸಾಹುಕಾರ ಎದ್ದ, ಹೊಸ್ತಿಲು ದಾಟಿದ, “ಹೊಸ್ದು” ಎಂದ. ಯಜಮಾನನಿಗೆ ಸುಳ್ಳೆಂದು ಗೊತ್ತಾಯಿತು. ಹಳೇ ಕ್ಯಾನಾದರೇನು, ಎಣ್ಣೆ ಹೊಸದಲ್ಲವೇ ಎಂದು ಗಡಿಬಿಡಿಯಲ್ಲಿ ಹೊತ್ತುಕೊಂಡು ಹೋದ.

ಮಧ್ಯಾಹ್ನ ಸಾಹುಕಾರನ ಹೆಂಡತಿ ಹಿತ್ತಲಿನಿಂದ ಕೂಗಿದಳು. “ಏನೂಂದ್ರೆ, ಹತ್ತಿ ಗಿಡಕ್ಕೆ ಹೊಡೆಯೋ ಔಷಧಿ ಕ್ಯಾನು ಇಲ್ಲೇ ಮಡಗಿದ್ನಲ್ಲ, ಕಂಡ್ರಾ?”

ಬೆಳಿಗ್ಗೆ ಎಣ್ಣೆ ತುಂಬಿಸಿದ್ದು ಅದೇ ಕ್ಯಾನಿಗೆ ಎಂದು ಸಾಹುಕಾರನಿಗೆ ಹೊಳೆಯಿತು. ಎದ್ದು ಓಡಿದ. ಇದೊಂದು ಸಲ ಪಂಚೆಯ ಚುಂಗು ಹಿಡಿಯುವುದೂ ನೆನಪಾಗಲಿಲ್ಲ. ಸೀಮಂತದ ಮನೆಯ ಮುಂದೆ ಚಪ್ಪರ. ಎಲೆ ಹಾಕಿದ್ದಾರೆ. ಮೊದಲ ಎಲೆಯ ಮುಂದೆ ಹಸಿರು ಬಳೆ ತೊಟ್ಟ ಬಸುರಿ ಹುಡುಗಿ ಕೂತಿದ್ದಾಳೆ. ಬಾಣಲೆಯಲ್ಲಿ ಬೋಂಡ ಬೇಯುತ್ತಿದೆ.

“ತಿನ್ಬೇಡಿ! ಆ ಎಣ್ಣೇಲಿ ವಿಷ ಐತೆ!” ಎಂದು ಕೂಗಿದ.

ಯಜಮಾನ ಅವನನ್ನು ನೋಡಿದ, ಅವನ ಕಾಲನ್ನೂ ನೋಡಿದ. “ಸಾಹುಕಾರ್ರೇ, ಹೊಸ್ತಿಲ ಆಚೆಗಿದೀರಿ” ಎಂದ. ಚಪ್ಪರವೆಲ್ಲ ಗೊಳ್ಳೆಂದು ನಕ್ಕಿತು.

“ದೇವ್ರಾಣೆ!” ಎಂದ. ಇನ್ನೂ ಜೋರಾಗಿ ನಕ್ಕರು. “ಎಣ್ಣೆ ರೇಟು ಏರಿರ್ಬೇಕು ಕಣ್ಲಾ, ವಾಪಸ್ ಇಸ್ಕೊಳಾಕೆ ಬಂದವ್ರೆ” ಎಂದು ಅಡುಗೆಯವನು ಸೌಟು ತಿರುವಿದ.

ಸಾಹುಕಾರ ಅತ್ತೇಬಿಟ್ಟ. “ನಿಮ್ ಕಾಲಿಗ್ ಬೀಳ್ತೀನಿ, ಯಾರಾದ್ರೂ ಒಬ್ರು ನಮ್ ಅಂಗಡೀಗ್ ಬನ್ನಿ. ಹೊಸ್ತಿಲ ಒಳಗ್ ನಿಂತು ಇದೇ ಮಾತು ಹೇಳ್ತೀನಿ!”

ಎಂಥ ಸ್ಥಿತಿ ನೋಡಿ! ಬಾಯಿ ತುಂಬ ಸತ್ಯವಿದೆ, ಅದನ್ನು ಹೇಳಲು ಊರಲ್ಲಿ ಅವನಿಗೆ ಜಾಗವಿಲ್ಲ.

ಆ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಳು, ಬಸುರಿಯ ಮುತ್ತಜ್ಜಿ. ಕಣ್ಣು ಮಂಜು, ಕಿವಿ ಚುರುಕು. “ಇವ್ನ ದನಿ ನಡುಗ್ತೈತೆ ಕಣ್ರೋ” ಎಂದಳು. “ಸುಳ್ಳು ಹೇಳೋವಾಗ ಇವ್ನ ದನಿ ನಡುಗಿದ್ದೇ ಇಲ್ಲ. ನಡಿಯಪ್ಪ, ನಾ ಬತ್ತೀನಿ.”

ಅಜ್ಜಿಯ ನಡಿಗೆ ಹೇಗಿರುತ್ತದೆ, ನಿಮಗೇ ಗೊತ್ತು. ಕೋಲು ಊರುವುದು, ನಿಲ್ಲುವುದು, ಉಸಿರು ಬಿಡುವುದು. ಸಾಹುಕಾರ ಅವಳ ಕೈ ಹಿಡಿದು ಒಂದು ಕಣ್ಣು ಅಂಗಡಿಯ ಕಡೆ, ಒಂದು ಕಣ್ಣು ಚಪ್ಪರದ ಕಡೆ ಇಟ್ಟುಕೊಂಡು ನಡೆದ. ಹಿಂದೆ ಬೋಂಡ ಬಡಿಸುವ ಬುಟ್ಟಿ ಎದ್ದಿತು. ಅಂತೂ ಅಂಗಡಿ ಬಂತು. ಅಜ್ಜಿಯನ್ನು ಮೆಟ್ಟಿಲ ಬಳಿ ನಿಲ್ಲಿಸಿ, ಹೊಸ್ತಿಲ ಒಳಗೆ ಹಾರಿ ನಿಂತು ಹೇಳಿದ. “ಔಷಧಿ ಕ್ಯಾನು ಅಜ್ಜೀ. ನೋಡ್ದೆ ತುಂಬ್ದೆ. ಹೊಸ್ದು ಅಂತ ಸುಳ್ಳು ಹೇಳ್ದೆ.”

ಅಜ್ಜಿ ನಿಂತಲ್ಲೇ, ಬೀದಿಯಲ್ಲೇ, ಚಪ್ಪರದ ಕಡೆ ತಿರುಗಿ ಕೂಗಿದಳು. “ತಿನ್ಬೇಡ್ರೋ! ಎಣ್ಣೆ ಕೆಟ್ಟೈತೆ!”

ಹುಡುಗಿಯ ಕೈ ಬಾಯಿಯ ಹತ್ತಿರ ಹೋಗಿತ್ತು. ಅಲ್ಲೇ ನಿಂತಿತು. ಪಂಕ್ತಿಯಲ್ಲಿದ್ದ ಒಂದೊಂದು ಕೈಯೂ ಅಲ್ಲೇ ನಿಂತಿತು. ಯಾರೂ ನಗಲಿಲ್ಲ, ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಬೋಂಡವೆಲ್ಲ ಗುಂಡಿಗೆ ಹೋಯಿತು.

ಆಮೇಲೆ ಸಾಹುಕಾರ ಕೇಳಿದ. “ಅಜ್ಜೀ, ನಾನೂ ಬೀದೀಲೇ ನಿಂತು ಹೇಳ್ದೆ, ನೀನೂ ಬೀದೀಲೇ ನಿಂತು ಹೇಳ್ದೆ. ನೀನಂತೂ ಯಾವ ನಿಯಮಾನೂ ತಗೊಂಡೋಳಲ್ಲ. ನಿನ್ ಮಾತು ಹ್ಯಾಗ್ ನಂಬಿದ್ರು?”

“ನಂಗೆ ಹೊಸ್ತಿಲು ಎಲ್ಲೈತೆ ಅಂತ ಕಣ್ಣೇ ಕಾಣಾಕಿಲ್ಲ ಕಣಪ್ಪ” ಎಂದಳು ಅಜ್ಜಿ. “ಎಲ್ಲಿ ನಿಂತ್ರೂ ಅದೇ ಮಾತು ಬತ್ತದೆ.”

ಮೇಷ್ಟ್ರೇ, ಹೊಳೆಯಿತೇ? ನಿಯಮ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಆ ನಿಯಮ ಇಲ್ಲದಿದ್ದರೆ ಸಾಹುಕಾರನಿಗೆ ಸತ್ಯ ಹೇಳಲು ಅಂಗಡಿಯಷ್ಟು ಜಾಗವೂ ಇರುತ್ತಿರಲಿಲ್ಲ. ಆದರೆ ಅವನ ಪ್ರಾಮಾಣಿಕತೆ ಅಂಗಡಿಯಷ್ಟೇ ಉಳಿಯಿತು, ನಂಬಿಕೆಯೂ ಅಷ್ಟೇ ಸಿಕ್ಕಿತು. ನಿಯಮ ಒಳಗೆ ಇಳಿದು ಸ್ವಭಾವವಾಗಬೇಕಿತ್ತು. ಅವನು ಅದನ್ನು ಬಾಗಿಲಲ್ಲೇ ನಿಲ್ಲಿಸಿಬಿಟ್ಟ.

ಇನ್ನು ನಿಮ್ಮ ಹೊಸ್ತಿಲು ಎಲ್ಲಿದೆ? ಪೊಲೀಸರು ಕಂಡಾಗ ಹೆಲ್ಮೆಟ್ ತಲೆಗೆ ಬರುತ್ತದೆ, ಅವರು ಕಾಣೆಯಾದರೆ ಅದು ಮೊಣಕೈಗೆ ಹೋಗುತ್ತದೆ. ಕ್ಯಾಮೆರಾ ಇರುವ ಅಂಗಡಿಯಲ್ಲಿ ನಾವೆಲ್ಲ ಸಂತರು. ಸೋಮವಾರ ಸುಳ್ಳು ಹೇಳದವರು ಮಂಗಳವಾರ ಬಾಕಿ ತೀರಿಸುತ್ತಾರೆ. ಆಗಲೇ ಒಬ್ಬರಿಗೆ ಫೋನು ಬಂತಲ್ಲ, ಮೆಲ್ಲಗೆ ಏನೆಂದಿರಿ? “ದಾರೀಲಿದೀನಿ, ಬಂದೆ” ಎಂದಿರಿ. ಸ್ವಾಮೀ, ಇಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದೀರಿ!

ದೊಡ್ಡ ವ್ರತ ಏನೂ ಬೇಡ. ನಾಳೆ ಬೆಳಿಗ್ಗೆ ಫೋನು ಬಂದಾಗ ಎಲ್ಲಿದ್ದೀರೋ ಅಲ್ಲೇ ಇದ್ದೀನಿ ಎನ್ನಿ. ಮಕ್ಕಳಿಗೆ, “ಅಪ್ಪ ಮನೇಲಿಲ್ಲ ಅಂತ ಹೇಳು” ಎಂದು ಕಲಿಸಬೇಡಿ. ಬಾಯಿಗೆ ಸುಳ್ಳು ಬರುವ ಮೊದಲು ನಿಮ್ಮ ಕಾಲು ಯಾವ ಕಡೆಗೆ ಏಳುತ್ತದೆ ಎಂದು ನೋಡಿಕೊಳ್ಳಿ. ಒಂದು ದಿನ ನಿಮ್ಮ ಮನೆಯವರ ಜೀವ ನಿಮ್ಮ ಒಂದು ಮಾತಿನ ಮೇಲೆ ನಿಂತೀತು. ಆಗ ಅವರು ನಿಮ್ಮ ಕಾಲು ನೋಡದೆ ಮಾತು ನಂಬುವ ಹಾಗಿರಬೇಕು.

ಈ ಮಂಟಪದೊಳಗೆ ಕೂತಿರುವಷ್ಟು ಹೊತ್ತು ನೀವೆಲ್ಲ ಸತ್ಯವಂತರೇ, ನನಗೆ ಅನುಮಾನವಿಲ್ಲ. ಈಗ ಎದ್ದು ಹೊಸ್ತಿಲು ದಾಟುತ್ತೀರಿ. ಆಚೆಗೆ ಮೊದಲು ಕಾಣುವುದು ಚಪ್ಪಲಿ. ನಿಮ್ಮದನ್ನೇ ಮೆಟ್ಟಿಕೊಂಡು ಹೋಗಿ. ಅಲ್ಲಿಂದ ಶುರುವಾಗಲಿ.