ಸಟನ್–ಎಜ್‌ವೇರ್ ಬಲಾಬಲ

ವೇದಿಕೆಯ ಮೇಲಿರುವ ಅಧ್ಯಕ್ಷೆ ಡಾಕ್ಟರ್ ವತ್ಸಲಾ ಅವರೇ, ಸನ್ಮಾನ ಸಮಿತಿಯವರೇ, ಈ ಇಂಗ್ಲಿಷರ ನಾಡಿನ ಸಟನ್ ಕನ್ನಡ ಸಂಘದ ಬಾಂಧವರೇ, ಇವತ್ತಿನಿಂದ ನಮ್ಮವರೇ ಆಗಿಬಿಟ್ಟಿರುವ ಎಜ್‌ವೇರ್ ಸಂಘದ ಸಭಿಕರೇ,

ಈ ಶಾಲು, ಈ ಪೇಟ, ಈ ಹಣ್ಣಿನ ಬುಟ್ಟಿಗೆ ನಾನು ಋಣಿ. ಪೇಟ ಸ್ವಲ್ಪ ದೊಡ್ಡದಾಗಿ ಕಣ್ಣಿಗೆ ಇಳಿಯುತ್ತಿದೆ, ಆಗಾಗ ಎತ್ತಿಕೊಂಡರೆ ಅನ್ಯಥಾ ಭಾವಿಸಬೇಡಿ. ಎದುರಾಳಿ ಸಂಘ ನಮ್ಮಲ್ಲಿ ವಿಲೀನವಾದ ಕೀರ್ತಿ ನನ್ನದೆಂದು ನಿರೂಪಕರು ಹೇಳಿದರು. ಅದು ಯಾಕೆ ವಿಲೀನವಾಯಿತು ಎಂಬುದೇ ನನಗೆ ತಿಳಿದಿಲ್ಲ, ನೋಡಿ.

ಮಹಾಶಕ್ತಿಗಳು ಮತ್ತು ಜಗತ್ತಿನ ಭದ್ರತೆ ಎಂಬ ವಿಷಯ ಕೊಟ್ಟು, ಊಟ ಆರುವುದರೊಳಗೆ ಮುಗಿಸಿ ಎಂದು ವತ್ಸಲಾ ಅವರ ಅಪ್ಪಣೆಯಾಗಿದೆ. ಇಲ್ಲಿನ ಕಾಲೇಜಿನಲ್ಲಿ ನಾನು ಪಾಠ ಮಾಡಿದ್ದು ಅದನ್ನೇ. ನಮ್ಮದು ವಾಸ್ತವವಾದಿ ಪಂಥ. ನಾವು ಹೇಳುವುದಿಷ್ಟೆ: ದೇಶಗಳ ಮೇಲೆ ಒಬ್ಬ ಯಜಮಾನನಿಲ್ಲ, ಆದ್ದರಿಂದ ಪ್ರತಿ ದೇಶವೂ ತನ್ನ ಬೆನ್ನನ್ನು ತಾನೇ ಕಾಯ್ದುಕೊಳ್ಳಬೇಕು. ಪಕ್ಕದವನ ಮನಸ್ಸಿನಲ್ಲಿ ಏನಿದೆಯೋ ಯಾರು ಬಲ್ಲರು? ಅವನ ಕೈಯಲ್ಲಿ ಏನಿದೆ ನೋಡಬೇಕು. ನಾನು ಹೆದರಿ ಒಂದು ದೊಣ್ಣೆ ತಂದರೆ, ಅದನ್ನು ಕಂಡು ಅವನು ಹೆದರಿ ಎರಡು ತರುತ್ತಾನೆ. ಇಬ್ಬರೂ ಒಳ್ಳೆಯವರೇ. ಆದರೂ ಅಂಗಳದ ತುಂಬ ದೊಣ್ಣೆ.

ನಗುತ್ತೀರಿ. ನವೆಂಬರ್ ಒಂದರ ರಾಜ್ಯೋತ್ಸವವನ್ನು ನಾವು ಸೆಪ್ಟೆಂಬರಿನಲ್ಲಿ ಏಕೆ ಆಚರಿಸುತ್ತಿದ್ದೇವೆ, ಹೇಳಿ ನೋಡೋಣ? ಒಂದೇ ಆಗಿದ್ದ ಸಂಘ ಎರಡಾಗಿ ಒಡೆದ ವರ್ಷ ಇಬ್ಬರೂ ನವೆಂಬರಿನಲ್ಲೇ ಮಾಡಿದೆವು. ಯಾಕೆ ಒಡೆಯಿತೆಂದು ಕೇಳಬೇಡಿ, ನೆನಪಿಲ್ಲ. ಮರುವರ್ಷ ಎಜ್‌ವೇರಿನವರು ಮೊದಲೇ ಮಾಡಿ ಜನರನ್ನು ಸೆಳೆದುಬಿಟ್ಟರೆ ಎಂದು ನಾನು ಅಕ್ಟೋಬರ್ ಕೊನೆಗೆ ಹಾಲ್ ಹಿಡಿದೆ. ಅವರು ಅಕ್ಟೋಬರ್ ಮೊದಲಿಗೆ ಹಿಡಿದರು. ನಾನು ದಸರೆಯನ್ನೂ ದಾಟಿ ಹಿಂದಕ್ಕೆ ಹೋದೆ. ಹೋದ ವರ್ಷ ಆಗಸ್ಟಿನಲ್ಲಿ, ಬೆವರು ಒರೆಸಿಕೊಳ್ಳುತ್ತ ಭುವನೇಶ್ವರಿಗೆ ಮಂಗಳಾರತಿ ಎತ್ತಿದೆವು. ನನ್ನ ಮಗಳು ಪ್ರಾಚಿ, “ಡ್ಯಾಡ್, ಇಟ್ಸ್ ಓನ್ಲಿ ಎ ಚರ್ಚ್ ಹಾಲ್” ಎಂದಳು. ಕ್ಷಿಪಣಿ ಬರುವವರೆಗೆ ಕ್ಯೂಬಾ ಕೂಡ ಓನ್ಲಿ ಒಂದು ದ್ವೀಪವೇ ಆಗಿತ್ತಮ್ಮಾ ಎಂದೆ. ಈ ವರ್ಷ ಎದುರಾಳಿಯೇ ಇಲ್ಲ. ಆದರೂ ನವೆಂಬರಿನವರೆಗೆ ಕಾಯಲು ನನಗೆ ಧೈರ್ಯ ಸಾಲಲಿಲ್ಲ.

ಇಲ್ಲಿ ಸಂಘ ನಡೆಸುತ್ತಿದ್ದವನು ನಾನು, ಆ ಸಂಘದ ಅಧ್ಯಕ್ಷರಾಗಿದ್ದವರು ಡಾಕ್ಟರ್ ವೇಣುಗೋಪಾಲ. ಹೊಸಬರಿಗೆ ಹೇಳಬೇಕು, ಅವರು ನನ್ನ ಹೆಂಡತಿ ಕೃಷ್ಣವೇಣಿಯ ಒಡಹುಟ್ಟಿದ ಅಣ್ಣ. ಹಾಗಾಗಿ ಎಜ್‌ವೇರಿಗೆ ಹೋಗಿ ಬರುವುದು ಸದ್ಯಕ್ಕೆ ಬೇಡ ಎಂದು ಅವಳಿಗೆ ಹೇಳಿದ್ದೆ. ಸಮಿತಿಯ ಗುಟ್ಟು ಬಾಯಿತಪ್ಪಿ ಬಂದರೆ? ಭದ್ರತೆಯ ದೃಷ್ಟಿಯಿಂದ ಸರಿ ತಾನೆ? “ರೀ, ಅವನು ನಮ್ಮಣ್ಣ ಕಣ್ರೀ, ರಷ್ಯಾ ಅಲ್ಲ” ಎಂದಳು. ಪ್ರತಿ ಗೌರಿ ಹಬ್ಬಕ್ಕೂ ಅವರು ಈಸ್ಟ್ ಹ್ಯಾಮಿನ ನಮ್ಮವರ ಅಂಗಡಿಯಲ್ಲಿ ತಂಗಿಗೆ ಸೀರೆ ಕೊಂಡು, ಬಳೆ ಕುಂಕುಮದ ಜೊತೆ ಅಂಚೆಯಲ್ಲಿ ಕಳಿಸುತ್ತಿದ್ದರು. ನಾನೂ ಸುಮ್ಮನಿರಲಿಲ್ಲ. ಅವರ ಹೆಂಡತಿ ವೇದವತಿಯವರಿಗೆ ಒಂದು ಕೈ ಮೇಲಾದ ಸೀರೆಯನ್ನೇ ಕಳಿಸಿದೆ. ಸಮತೋಲನ ಬೇಡವೇ? ಅಣ್ಣನ ಸೀರೆಗಳನ್ನು ಕೃಷ್ಣವೇಣಿ ಉಟ್ಟದ್ದನ್ನು ನಾನು ನೋಡಿರಲಿಲ್ಲ. ಇವತ್ತು ಒಂದನ್ನು ಉಟ್ಟಿದ್ದಾಳೆ.

ಈಗ ನನ್ನ ತೊಡಕಿಗೆ ಬರುತ್ತೇನೆ. ಹತ್ತು ವರ್ಷದ ಹಿಂದೆ ಬರ್ಲಿನ್ ಗೋಡೆ ಬಿದ್ದು, ಆಮೇಲೆ ಸೋವಿಯತ್ ಒಕ್ಕೂಟ ಅಷ್ಟು ಬಾಂಬುಗಳನ್ನಿಟ್ಟುಕೊಂಡೇ ಅಂಗಡಿ ಮುಚ್ಚಿದಾಗ ನಮ್ಮ ಪಂಥದವರು ತಬ್ಬಿಬ್ಬಾದೆವು. ಬಲವುಳ್ಳವನು ತಾನಾಗಿ ಬಿಟ್ಟುಕೊಡುತ್ತಾನೆ ಎಂದು ನಾನು ಯಾವ ಪಾಠದಲ್ಲೂ ಹೇಳಿರಲಿಲ್ಲ. ವಿದ್ಯಾರ್ಥಿಗಳು ಕೇಳಿದರೆ, ಬೊಕ್ಕಸ ಬರಿದಾಗಿತ್ತು ಎಂದು ಹೇಳಿ ಪಾರಾಗುತ್ತಿದ್ದೆ. ಆದರೆ ಎಜ್‌ವೇರಿಗೆ ಏನಾಗಿತ್ತು ರೋಗ? ನಮಗಿಂತ ಹೆಚ್ಚು ಸದಸ್ಯರು, ಒಳ್ಳೆ ಹಾಲ್, ನಮಗಿಂತ ಒಳ್ಳೆ ಬಿಸಿಬೇಳೆ ಭಾತ್. ಜೂನ್ ತಿಂಗಳಲ್ಲಿ ವೇಣುಗೋಪಾಲ ಫೋನ್ ಮಾಡಿದರು. “ಭಾವ, ಸಂಘ ನೀವೇ ಇಟ್ಕೊಳ್ಳಿ. ನಂಗೆ ಅಧ್ಯಕ್ಷತೆನೂ ಬೇಡ, ಏನೂ ಬೇಡ. ಗೌರಿ ಹಬ್ಬಕ್ಕೆ ಕೃಷ್ಣಿ ನಮ್ಮನೆಗೆ ಬರ್ಲಿ, ಅಷ್ಟೆ.”

ಅಷ್ಟೆ ಎಂದರೇನು? ಅದರ ಹಿಂದೆ ಏನಿದೆ? ಇಡೀ ಬೇಸಿಗೆ ಹುಡುಕಿದೆ. ಒಳಗೆ ಸೇರಿಕೊಂಡು ಬುಡ ಅಲುಗಿಸುತ್ತಾರೋ ಎಂದರೆ ಸಮಿತಿಗೆ ನಿಲ್ಲುವುದೇ ಇಲ್ಲವಂತೆ. ಕೊನೆಗೆ ಕೃಷ್ಣವೇಣಿಯನ್ನೇ ಕೇಳಿದೆ. “ತಂಗಿ ಬರ್ಲಿ ಅಂದ್ರೆ ತಂಗಿ ಬರ್ಲಿ ಅಂತ ಅರ್ಥ ಕಣ್ರೀ” ಎಂದು ಒಲೆ ಆರಿಸಿ ಆಚೆ ಹೋದಳು. ಕಣ್ಣಲ್ಲಿ ನೀರಿತ್ತು. ಗೆದ್ದವರ ಮನೆಯಲ್ಲಿ ಅಳುವುದೇಕೆ? ನನಗೆ ಅರ್ಥವಾಗಲಿಲ್ಲ.

ಇಲ್ಲಿ ಮುಂದಿನ ಸಾಲಿನಲ್ಲಿ ಅವಳಿಗೆಂದು ಇಟ್ಟ ಕುರ್ಚಿ ಖಾಲಿಯಿದೆ. ಅವಳು ಹಿಂದೆ ಅಣ್ಣನ ಪಕ್ಕ ಕೂತು ಏನೋ ಹೇಳಿಕೊಂಡು ನಗುತ್ತಿದ್ದಾಳೆ. ಹಾಗೆ ನಕ್ಕದ್ದನ್ನು ನಾನು ನೋಡಿ ಎಷ್ಟು ವರ್ಷವಾಯಿತೋ! ಸಭಿಕರೇ, ಶಾಲು ನನ್ನ ಹೆಗಲ ಮೇಲಿದೆ. ಗೆದ್ದವರು ಯಾರು? ಮಹಾಶಕ್ತಿಗಳ ಮಾತು ಹಾಗಿರಲಿ, ಇದೇ ನನ್ನ ತಲೆಗೆ ಹತ್ತುತ್ತಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಭಯವಾಗಿದೆ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ, ಮುಗಿಸಿದೆ. ಅಡುಗೆಯವರಿಗೆ, ಮೈಕ್ ಜೋಡಿಸಿದ ಯಶಸ್‌ಗೆ, ಕುರ್ಚಿ ಹಾಕಿದ ಎರಡೂ ಸಂಘದವರಿಗೆ, ತಪ್ಪಾಯಿತು, ಒಂದೇ ಸಂಘದವರಿಗೆ, ವಂದನೆಗಳು. ವೇಣು ಭಾವ, ನಾಳೆ ಹಬ್ಬ. ಅವಳು ಇಲ್ಲಿಂದಲೇ ನಿಮ್ಮ ಕಾರಿನಲ್ಲಿ ಹೊರಡುತ್ತಾಳಂತೆ. ಬ್ಯಾಗು ತಂದಿದ್ದಾಳೆ, ದೊಡ್ಡ ಬ್ಯಾಗು. ಎಷ್ಟು ದಿನಕ್ಕೆ ಎಂದು ನೀವು ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನನ್ನು ಕರೆದಿದ್ದೀರೋ ಇಲ್ಲವೋ, ಅದೂ ಗೊತ್ತಿಲ್ಲ. ಕಾರಿನಲ್ಲಿ ಜಾಗವಿದ್ದರೆ ನಾನೂ ಬರಲೇ?

ಎಲ್ಲರಿಗೂ ನಮಸ್ಕಾರ.