‘ಅವರು’ ಎಂದು ಓದಬೇಕು

ಕಾಲೇಜಿನ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಈಚೆಗೆ ಹೆಂಡತಿಯನ್ನು ಕಳೆದುಕೊಂಡಿದ್ದ ಮುದುಕರೊಬ್ಬರು ಮೂಲೆಯಲ್ಲಿ ದೇವರ ನಾಮ ಹೇಳಿಕೊಳ್ಳುತ್ತಿದ್ದರು. ಮುಂದೆ ಒಬ್ಬ ಮೇಷ್ಟ್ರು, ಅವರ ಶಿಷ್ಯೆ. ಒಬ್ಬ ಗಾಯಕಿಯ ಅಭಿಮಾನಿ ಸಂಘದ ಮೇಲೆ ಅವಳು ಬರೆದ ಪ್ರಬಂಧವನ್ನು ಕೇಳಲು ನಾನಾ ದೇಶದ ವಿದ್ವಾಂಸರು ಮೇಲೆ ಕಾದಿದ್ದರು.

“ಎಲ್ಲಾ ಕಡೆ ‘ನಾವು’ ಅಂತ ಬರೆದಿದ್ದೀಯಲ್ಲಮ್ಮ. ‘ಅವರು’ ಅಂತ ಓದು.”

“ನಾನೂ ಆ ಸಂಘದವಳೇ ಅಲ್ವಾ ಸಾರ್?”

“ಅದು ಗೊತ್ತಾದ್ರೆ ನಿನ್ನನ್ನ ಸಂಶೋಧಕಿ ಅನ್ನಲ್ಲ, ಗಾಜಿನ ಪೆಟ್ಟಿಗೇಲಿಟ್ಟ ಬೊಂಬೆ ಥರ ನೋಡ್ತಾರೆ. ಈ ಸಮ್ಮೇಳನದ ಪುಸ್ತಕದಲ್ಲಿ ನಿನ್ನ ಪ್ರಬಂಧ ಹಾಕಲ್ಲ.”

“ನಾನು ಓದೋದನ್ನ ಫೋನಲ್ಲಿ ಲೈವ್ ನೋಡೋಕೆ ಸಂಘದವರೆಲ್ಲ ಕೂತಿದಾರೆ. ‘ದೊಡ್ಡೋಳಾದ್ಲು, ನಮ್ಮನ್ನ ಮರೆತ್ಲು’ ಅನ್ನಲ್ವಾ?”

“ಈ ಲಿಫ್ಟೂ ನಿನ್ನ ಹಾಗೇ ಕಣಮ್ಮ. ಮೇಲೂ ಹೋಗಲ್ಲ, ಕೆಳಗೂ ಇಳಿಯಲ್ಲ.”

“ನಮ್ಮ ಗಾಯಕಿ ತೀರಿಕೊಂಡ ದಿನ ನಾನೂ ರಸ್ತೇಲಿ ಕೂತು ಅತ್ತಿದ್ದೀನಿ ಸಾರ್.”

“ಅತ್ತಿದ್ದು ನಿನ್ನ ಹತ್ರ ಇರ್ಲಿ. ಓದೋದು ಮಾತ್ರ ‘ಅವರು’.”

ಲಿಫ್ಟು ಕುಲುಕಿ ಮೇಲೇರಿತು. ಬಾಗಿಲು ತೆರೆಯಿತು.

“ನಡಿ, ಒಂದ್ಸಲ ಅಂದು ನೋಡು.”

“ಅವರು ರಸ್ತೆಯಲ್ಲೇ ಕೂತು ಅತ್ತರು.”

“ಸರಿಯಾಯ್ತು ನೋಡು! ಇನ್ನೊಂದ್ಸಲ.”

“ಅವರು…”

ಮುಂದಿನದು ಮುದುಕರಿಗೆ ಕೇಳಿಸಲಿಲ್ಲ. ಹಜಾರದ ತಿರುವಿನಲ್ಲಿ ಅವಳು ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡದ್ದು ಮಾತ್ರ ಕಾಣಿಸಿತು.