ಕರಿಯ ಕಾಳಿನ ತೆನೆ

ಹೆಸರು ತಿಪ್ಪವ್ವ, ಗಂಡ ಜಟ್ಟೆಪ್ಪ, ವಯಸ್ಸು 44 ವರ್ಷ, ಕೆಲಸ ಬೀಜ ಕಂಪನಿಯಲ್ಲಿ ಹೊಲದ ಕೂಲಿ, ಮೂಲ ಆಳಂದ ತಾಲೂಕು, ಈಗಿನ ವಾಸ ಪುಣೆ ಹತ್ತಿರದ ಹಿಂಜವಾಡಿಯಿಂದ ಏಳು ಕಿ.ಮೀ. ಆಚೆ, ಕಂಪನಿಯ ಹೊಲದ ಸಮೀಪದ ತಗಡಿನ ಶೆಡ್ಡು. ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ,

ನಾನು 1998ರಿಂದ ಈ ಕಂಪನಿಯ ಗೋವಿನಜೋಳದ ಹೊಲದಲ್ಲಿ ಪರಾಗ ಹಾಕುವ ಕೆಲಸ ಮಾಡುತ್ತಿದ್ದೇನೆ. ಒಂದು ಗಿಡದ ತುದಿಯ ಹೂವಾದ ಸೂಲಂಗಿಯ ಪುಡಿಯನ್ನು ಕಾಗದದ ಚೀಲದಲ್ಲಿ ಉದುರಿಸಿಕೊಂಡು, ಬೇಕಾದ ತೆನೆಯ ಎಳೆಗಳ ಮೇಲೆ ಸುರಿದು, ಬೇರೆ ಪುಡಿ ತಾಗದಂತೆ ಚೀಲ ಕಟ್ಟಬೇಕು. ಶಿವಕಾಂತಾ ಎಂಬ ನಮ್ಮ ಕಡೆಯ ಹೆಂಗಸಿಗೆ, ವಯಸ್ಸು 26, ಈ ಕೆಲಸ 2007ರಲ್ಲಿ ಕಲಿಸಿದವಳು ನಾನು.

2009ರ ಜುಲೈ 4ರಂದು, ಕಾಂಡ ಕೊರೆಯುವ ಹುಳ ತಿಂದರೆ ಹುಳವೇ ಸಾಯುವಂತೆ ಬೀಜದೊಳಗೇ ಗುಣ ಸೇರಿಸಿದ ಹೊಸ ತಳಿಯನ್ನು ಪ್ರಯೋಗಕ್ಕೆ ಬಿತ್ತಿದರು. ಸುತ್ತ ತಂತಿ ಬೇಲಿ, ಬಾಗಿಲಿಗೆ ಬೀಗ. 300 ಮೀಟರ್ ಒಳಗೆ ಬೇರೆ ಗೋವಿನಜೋಳ ಇರಬಾರದು ಎಂದು ನಿಯಮ. ಮೇಲ್ವಿಚಾರಕ ಅಪ್ಪಾಸಾಹೇಬರು ಕೀಲಿಕೈಯನ್ನು ಶಿವಕಾಂತಾಳಿಗೆ ಕೊಟ್ಟರು. ಆಕೆ ಏಳನೇ ಇಯತ್ತೆ ಓದಿದ್ದಾಳೆ, ಚೀಲದ ಮೇಲೆ ಹೆಸರು ಬರೆಯುತ್ತಾಳೆ ಎಂದರು. ನನ್ನ ಚೀಲಕ್ಕೆ ಹನ್ನೊಂದು ವರ್ಷದಿಂದ ಕೆಂಪು ಪೆನ್ಸಿಲ್ ಗೆರೆಯೇ ಗುರುತು. ನನ್ನನ್ನು ಬೇಲಿಯ ಹೊರಗೆ ಕಳೆ ಕೀಳಲು ಹಚ್ಚಿದರು. ಆಕೆ ಕೀಲಿಕೈಯನ್ನು ತಾಳಿಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಅದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

ಸೆಪ್ಟೆಂಬರ್ 3ರಂದು ಬೆಳಿಗ್ಗೆ 10-20ಕ್ಕೆ, ಕೊನೆಯ ಸಾಲಿನಲ್ಲಿ ಒಂದೇ ಗಿಡ ಬಾಕಿ ಇರುವಾಗ ಶಿವಕಾಂತಾ ಚಹಾಕ್ಕೆ ಹೋದಳು. ಬಾಗಿಲು ತೆರೆದಿತ್ತು. ನನ್ನ ಶೆಡ್ಡಿನ ಹಿಂದೆ, ಬೇಲಿಯಿಂದ 400 ಮೀಟರ್ ದೂರದಲ್ಲಿ, ಊರಿನಿಂದ ತಂದ ಕರಿಯ ಗೋವಿನಜೋಳದ ಹನ್ನೊಂದು ಗಿಡಗಳಿದ್ದವು. ಅವುಗಳ ಪುಡಿಯನ್ನು ಬೆಳಿಗ್ಗೆಯೇ ಎಲೆಅಡಿಕೆ ಸಂಚಿಯಲ್ಲಿ ಇಟ್ಟುಕೊಂಡಿದ್ದೆ. ಒಳಗೆ ಹೋಗಿ ಅದನ್ನು ಆ ತೆನೆಗೆ ಸುರಿದು, ಆಕೆ ಹೆಸರು ಬರೆದಿಟ್ಟಿದ್ದ ಚೀಲವನ್ನೇ ಕಟ್ಟಿದೆ. ನಾಲ್ಕು ನಿಮಿಷ ಹಿಡಿಯಿತು. ಆಕೆ ಬಂದು, ತಾನೇ ಕಟ್ಟಿದ್ದೆಂದುಕೊಂಡು ಕೀಲಿ ಹಾಕಿದಳು. ಬೇರೆ ಪುಡಿ ಬಿದ್ದರೆ ಅದೇ ತೆನೆಯ ಕಾಳಿನಲ್ಲಿ ಬಣ್ಣ ಕಾಣುತ್ತದೆಂದು ನನಗೆ ಗೊತ್ತಿತ್ತು.

ನಿನ್ನೆ ಅಕ್ಟೋಬರ್ 21ರಂದು 11 ಗಂಟೆಗೆ ಎಲ್ಲರ ಎದುರು ತೆನೆ ಸುಲಿದರು. ಹಳದಿ ತೆನೆಗಳ ನಡುವೆ ಅದೊಂದು ಕರಿಯದು ಬಂತು. ಶಿವಕಾಂತಾ ಹೊರಗಿನ ಪುಡಿ ತಂದು ಪ್ರಯೋಗ ಕೆಡಿಸಿದ್ದಾಳೆಂದು ಕಂಪನಿಯವರು ಈ ಠಾಣೆಗೆ ದೂರು ಬರೆದು, ಕೀಲಿಕೈ ಕಿತ್ತುಕೊಂಡು, ಕೆಲಸದಿಂದ ತೆಗೆದರು. ಆಕೆ ನನ್ನ ಕಡೆ ತಿರುಗಿ, "ಯಕ್ಕಾ, ನೀನರ ಹೇಳು, ನಾ ಹಿಂಗ ಮಾಡಾಕಿ ಏನು?" ಎಂದಳು. ನಾನು ಬಗ್ಗಿ ಸಿಪ್ಪೆಯನ್ನು ಬುಟ್ಟಿಗೆ ತುಂಬತೊಡಗಿದೆ. ಮನಸ್ಸಿಗೆ ಹಿತವೆನಿಸಿತು, ಸುಳ್ಳು ಹೇಳುವುದಿಲ್ಲ.

ಅಷ್ಟರಲ್ಲಿ ಅಪ್ಪಾಸಾಹೇಬರು ಆ ತೆನೆಯನ್ನು ತಿರುಗಿಸಿ ತಿರುಗಿಸಿ ನೋಡಿ, ತಪ್ಪು ತಪ್ಪೇ, ಆದರೆ ಬುಡದಿಂದ ತುದಿಯವರೆಗೆ ಒಂದು ಕಾಳೂ ಬಿಡದೆ ತುಂಬಿದೆ, ಇಷ್ಟು ವರ್ಷದಲ್ಲಿ ಇಂಥ ಕೈ ನೋಡಿಲ್ಲ, ಶಿವಕಾಂತಾಳಂಥವಳು ಇನ್ನೊಬ್ಬಳು ಸಿಗುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿದರು. ಆಮೇಲೆ ನನಗೆ ಊಟ ಸೇರಲಿಲ್ಲ.

ಶಿವಕಾಂತಾಳದು ತಪ್ಪಿಲ್ಲ, ಆಕೆಯ ಮೇಲಿನ ದೂರು ಬಿಡಬೇಕು. ಆ ತೆನೆ ತುಂಬಿಸಿದ ಕೈ ನನ್ನದು. ಈ ಮಾತನ್ನು ಅಪ್ಪಾಸಾಹೇಬರಿಗೆ ತಪ್ಪದೆ ಓದಿ ಹೇಳಬೇಕೆಂದು ಕೋರುತ್ತೇನೆ.

ಕನ್ನಡ ಬಲ್ಲ ಪೇದೆ ಕೃಷ್ಣಾಜಿಯವರು ನಾನು ಹೇಳಿದಂತೆಯೇ ಬರೆದು ನನಗೆ ಓದಿ ಹೇಳಿದ್ದಾರೆ. ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಪುಣೆ
ದಿನಾಂಕ: 22-10-2009

ತಿಪ್ಪವ್ವ ಇವಳ ಎಡಗೈ ಹೆಬ್ಬೆಟ್ಟು
(ಪಕ್ಕದ ಕೆಂಪು ಪೆನ್ಸಿಲ್ ಗೆರೆ ಹೇಳಿಕೆ ಕೊಟ್ಟವಳೇ ಪೆನ್ಸಿಲ್ ಕೇಳಿ ಪಡೆದು ಎಳೆದದ್ದು)